ನಲವತ್ತೊಂದೋ, ನಲವತ್ತೇಳೋ

ಕಲಬುರಗಿ ರಿಂಗ್ ರೋಡಿನಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟರಿನ ಹಳೇ ತಾಮ್ರದ ತಂತಿ ತೆಗೆದು ಹೊಸದು ಸುತ್ತುವ ಕೆಲಸ. ಶಿವರಾತ್ರಿ ಕಳೆದು ಬಿಸಿಲು ಹತ್ತಿತೆಂದರೆ ಜೇವರ್ಗಿ, ಅಫಜಲಪುರ, ಆಳಂದ ಕಡೆಯಿಂದ ಸುಟ್ಟ ಮೋಟರುಗಳು ಟಂಟಂ ಏರಿ ಬರುತ್ತವೆ. ಹಳೇ ತಾಮ್ರ ಕಡಿಯುವ ಮುಂಚೆ ಬರೆದುಕೊಳ್ಳಬೇಕಾದ್ದು ಐದಾರು ಲೆಕ್ಕ: ಎಚ್‌ಪಿ, ಸ್ಲಾಟು (ತಂತಿ ಕೂರುವ ಸೀಳು) ಎಷ್ಟು, ಕಾಯಿಲಿಗೆ ಎಷ್ಟು ಸುತ್ತು, ವೈರಿನ ಗೇಜು ಅಂದರೆ ದಪ್ಪ, ಪಿಚ್ಚು (ಕಾಯಿಲು ಎಷ್ಟು ಸ್ಲಾಟು ದಾಟಿ ಕೂರುತ್ತದೆ), ತಂತಿಯ ತುದಿಗಳನ್ನು ಕೂಡಿಸಿದ್ದು ಸ್ಟಾರೋ ಡೆಲ್ಟಾನೋ. ಕಡಿದ ಮೇಲೆ ಎಣಿಸ್ತೀನಿ ಅಂದರೆ ಎಣಿಸಲು ಏನೂ ಉಳಿದಿರೋದಿಲ್ಲ.

ಹದಿನೆಂಟು ವರ್ಷ ಇದನ್ನೆಲ್ಲ ರಟ್ಟಿನ ಡೈರಿಯಲ್ಲೇ ಬರೆದೆ. ಅದನ್ನು ಬಿಡಿಸಿ ಮೊಬೈಲಿಗೆ ತಂದದ್ದು 5 ಎಚ್‌ಪಿಯ ಒಂದು ಮೋಟರ್. ನಾನೇ ಸುತ್ತಿದ್ದು, ಮತ್ತೆ ಸುಟ್ಟು ಬಂತು. 'ಲೆಕ್ಕ ಡೈರಿಯಾಗ ಅದಲ್ಲ ಮಾಮಾ' ಅಂತ ನನ್ನ ತಂಗಿ ಮಗ ಎಣಿಸದೇ ತಾಮ್ರ ಕಡಿದು ಹಾಕಿದ. ಡೈರಿ ತೆಗೆದರೆ ಆ ಪುಟದ ಮೇಲೆ ವಾರ್ನಿಶ್ ಚೆಲ್ಲಿತ್ತು. ಕಾಯಿಲಿನ ಸುತ್ತು ನನ್ನ ಕಣ್ಣಿಗೆ 41 ಅಂತ ಕಂಡಿತು, ಹಂಗೇ ಸುತ್ತಿದೆ. ಒಣಗಿಸಿ, ಕೂಡಿಸಿ, ಲೋಡ್ ಇಲ್ಲದೇ ಓಡಿಸಿ ಕ್ಲ್ಯಾಂಪ್ ಮೀಟರ್ ಹಿಡಿದರೆ ಕರೆಂಟು ಎಳೆಯುವುದು ಜಾಸ್ತಿ. ಸುತ್ತು ಕಡಿಮೆಯಾದಾಗ ಹಿಂಗೇ ಆಗೋದು. ಹಂಗೇ ಬಾವಿಗೆ ಬಿಟ್ಟಿದ್ದರೆ ಕಾದು ಕಾದು ಮತ್ತೆ ಸುಡುತ್ತಿತ್ತು. ಪುಣ್ಯಕ್ಕೆ ಗುಜರಿ ಚೀಲದಲ್ಲಿ ಹಳೇ ಕಾಯಿಲೊಂದು ಇಡಿಯಾಗಿ ಸಿಕ್ಕಿತು. ಎಣಿಸಿದರೆ 47. ಎರಡನೇ ಸಲದ ತಾಮ್ರ ನನ್ನ ಕಿಸೆಯಿಂದ ಹೋಯಿತು.

ಅವತ್ತೇ ಮೊಬೈಲಿಗೆ ಬಂದೆ. ಮೊದಲು ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಳ್ಳುತ್ತಿದ್ದೆ. ಬರೆಯೋದೇನೋ ಸಲೀಸು. ಹುಡುಕುವಾಗ ಸ್ಟೇಟರ್ (ಕಾಯಿಲು ಕೂರುವ ಮೋಟರಿನ ಭಾಗ) ಫೋಟೋಗಳ ನಡುವೆ ಗಿರಾಕಿಯ ಬಿಲ್ಲು, ಅತ್ತಿಗೆ ಕಳಿಸಿದ ಲಗ್ನಪತ್ರಿಕೆ. ತಿಂಗಳೊಳಗೇ ಬಿಟ್ಟೆ.

ಆಮೇಲೆ ನೋಟ್ ಆ್ಯಪುಗಳ ಸರದಿ. ಎವರ್‌ನೋಟ್ ಹೆಸರು ಬಹಳ ಕೇಳಿದ್ದೆ, ಆದರೆ ಅದರ ಪುಕ್ಕಟೆ ಪ್ಲಾನಿನಲ್ಲಿ 2023ರ ಕೊನೆಯಿಂದ 50 ನೋಟಿಗಷ್ಟೇ ಜಾಗ. ನನಗೆ ಒಂದು ಬೇಸಿಗೆಗೇ ಸಾಲದು. ಅಂದವಾದ ಕೋಷ್ಟಕ ಮಾಡಿಕೊಡುವ ಇನ್ನೊಂದರಲ್ಲಿ ಎರಡು ವಾರ ಕೂತು ಎಲ್ಲ ಜೋಡಿಸಿದೆ. ನೋಡೋಕೆ ಬ್ಯಾಂಕಿನ ಲೆಡ್ಜರ್ ಹಂಗೆ ಇತ್ತು. ಜೇವರ್ಗಿ ಕಡೆಯ ಹೊಲವೊಂದರಲ್ಲಿ ಬಾವಿ ಮಗ್ಗುಲು ನಿಂತು ತೆರೆದರೆ ನೆಟ್‌ವರ್ಕ್ ಇಲ್ಲ, ಗಿರಗಿರ ತಿರುಗುತ್ತಲೇ ಇತ್ತು. 'ಏನ್ ಮಿಸ್ತ್ರಿ, ನಿಮ್ಮ ಫೋನೂ ಸುಟ್ಟದೇನು?' ಅಂದರು ರೈತರು.

ಗೂಗಲ್ ಕೀಪ್ ಈಗಲೂ ನನ್ನ ಫೋನಿನಲ್ಲಿದೆ. ನೆಟ್ ಇಲ್ಲದಿದ್ದರೂ ಫೋನಿನಲ್ಲಿ ತೆರೆಯುತ್ತದೆ, ಅಳಿಯನ ಜೊತೆ ಒಂದೇ ನೋಟು ಹಂಚಿಕೊಳ್ಳಬಹುದು. ಸ್ಲೀವು, ಇನ್ಸುಲೇಷನ್ ಪೇಪರು, 6205 ಬೇರಿಂಗು ಅಂತ ಸಾಮಾನಿನ ಪಟ್ಟಿ ಅದರಲ್ಲೇ. ತಂದದ್ದಕ್ಕೆ ಅವನು ಟಿಕ್ ಹಾಕುತ್ತಾನೆ. ವೈಂಡಿಂಗ್ ಲೆಕ್ಕಕ್ಕೆ ಮಾತ್ರ ಒಗ್ಗಲಿಲ್ಲ. ಪ್ರತಿ ಸಲ ಖಾಲಿ ಚೀಟಿಯಿಂದ ಶುರು ಮಾಡುವಾಗ ಒಂದು ದಿನ ಗೇಜು ಬಿಟ್ಟೆ, ಇನ್ನೊಂದು ದಿನ ಪಿಚ್ಚು ಬಿಟ್ಟೆ.

ಕೊನೆಗೆ ನಿಂತದ್ದು ಅಬ್ಸಿಡಿಯನ್ ಅನ್ನೋ ನೋಟ್ ಆ್ಯಪಿನ ಹತ್ತಿರ. ಅದರಲ್ಲಿ ಟೆಂಪ್ಲೇಟ್ ಇಡಬಹುದು: ಒತ್ತಿದರೆ ಖಾನೆಗಳು ಬರುತ್ತವೆ, ನಾನು ಅಂಕಿ ತುಂಬಿದರಾಯಿತು. 'ಸುಟ್ಟ ಕಾರಣ' ಅಂತ ಒಂದು ಖಾನೆ ನಾನೇ ಸೇರಿಸಿದೆ. ಒಂದು ಫೇಸ್ ಹೋಗಿ ಸುಟ್ಟದ್ದೋ, ನೀರಿಳಿದು ಒಣ ಓಡಿ ಸುಟ್ಟದ್ದೋ ಬರೆದಿಟ್ಟರೆ ಮುಂದಿನ ಸಲ ಗಿರಾಕಿ ಜೊತೆ ಜಗಳ ಕಮ್ಮಿ. ಪ್ರತಿ ನೋಟೂ ಫೋನಿನಲ್ಲೇ ಕೂರುವ ಸಾದಾ ಅಕ್ಷರದ ಫೈಲು. ನಾಳೆ ಆ ಕಂಪನಿ ಇಲ್ಲದಿದ್ದರೂ ಯಾವುದರಲ್ಲಾದರೂ ತೆರೆದು ಓದಬಹುದು. ವಾರಕ್ಕೊಮ್ಮೆ ಕೇಬಲ್ ಹಾಕಿ ಅಂಗಡಿಯ ಕಂಪ್ಯೂಟರಿಗೆ ಇಡೀ ಫೋಲ್ಡರ್ ಎಳೆದಿಡುತ್ತೇನೆ. ನೋಟುಗಳನ್ನು ನೆಟ್ ಮೇಲೆ ತಾನೇ ಕಳಿಸುವ ಅವರ ಸಿಂಕ್ ಸೇವೆಗೆ ದುಡ್ಡು, ನನಗೆ ಬೇಕಾಗಿಲ್ಲ. ಆಂಡ್ರಾಯ್ಡಿನಲ್ಲಿ ಹಾಕಿಕೊಳ್ಳುವವರು ಒಂದು ನೋಡಿಕೊಳ್ಳಿ: ಫೋಲ್ಡರನ್ನು ಆ್ಯಪಿನ ಒಳಗೆ ಇಡದೇ ಫೋನಿನ ಸ್ಟೋರೇಜಿನಲ್ಲಿ ಇಡಿ. ಒಳಗಿಟ್ಟರೆ ಆ್ಯಪ್ ಅಳಿಸಿದ ದಿನ ನೋಟುಗಳೂ ಹೋಗುತ್ತವೆ.

ಹುಡುಕುವುದರಲ್ಲಿ ನಾನು ಜಾಸ್ತಿ ಒದ್ದಾಡಿದೆ, ಅದರಲ್ಲಿ ಆ್ಯಪಿನ ತಪ್ಪೇನೂ ಇಲ್ಲ. ಒಂದು ದಿನ ಮೋಟರ್ ಅಂತ ಬರೆದಿದ್ದೆ, ಇನ್ನೊಂದು ದಿನ ಮೋಟಾರ್, ಅಳಿಯ ಬರೆದದ್ದು ಮೋಟರು. ಇನ್ನೂ ತಮಾಷೆ ಅಂಕಿಯದು. ಕನ್ನಡ ಕೀಬೋರ್ಡಿನಲ್ಲಿ ಕೆಲವೊಮ್ಮೆ ೫ ಅಂತ ಬಿದ್ದಿತ್ತು; 5 ಅಂತ ಹುಡುಕಿದರೆ ಅದು ಸಿಗೋದಿಲ್ಲ. ಫೋನಿಗೆ ಅವೆರಡೂ ಬೇರೆ ಬೇರೆ ಅಕ್ಷರ. ಈಗ ನೋಟಿನ ಹೆಸರಿನಲ್ಲಿ ಮೊದಲು ಎಚ್‌ಪಿ, ಸ್ಲಾಟು, ಗೇಜು, ಬರೇ ಅಂಕಿ, ಆಮೇಲೆ ಊರು. '5-24-20 ಜೇವರ್ಗಿ' ಅಂತ. ಎಣ್ಣೆ ಕೈಯಲ್ಲಿ ಎರಡು ಅಂಕಿ ಒತ್ತಿದರೆ ಸಾಕು. ಬಾಯಿಂದ ಹೇಳಿ ಬರೆಸೋದನ್ನೂ ನೋಡಿದೆ. ಪಕ್ಕದ ವೆಲ್ಡಿಂಗ್ ಅಂಗಡಿಯ ಗ್ರೈಂಡರ್ ಸದ್ದಿಗೆ ಅದು ಏನೇನೋ ಬರೆಯಿತು.

ಹಳೇ ಡೈರಿಗಳನ್ನು ಕೂತು ಟೈಪ್ ಮಾಡುವ ಉಸಾಬರಿಗೆ ಹೋಗಿಲ್ಲ. ಯಾವ ಮೋಟರ್ ಮರಳಿ ಬರುತ್ತದೋ ಅದರ ಲೆಕ್ಕ ಅವತ್ತು ಏರುತ್ತದೆ, ಪುಟಕ್ಕೆ ಅಡ್ಡ ಗೆರೆ ಬೀಳುತ್ತದೆ. ಸುತ್ತಿನ ಖಾನೆಯಲ್ಲಿ ಮಾತ್ರ ಚೆಕ್ಕಿನಲ್ಲಿ ಬರೆದ ಹಂಗೆ ಎರಡೆರಡು ಸಲ ಬರೆಯುತ್ತೇನೆ: 47, ನಲವತ್ತೇಳು. ಅಳಿಯ ನಗುತ್ತಾನೆ. ನಗಲಿ, ಆ ತಾಮ್ರದ ದುಡ್ಡು ಕೊಟ್ಟವನು ನಾನು.