ಕೀಳುವ ಮುನ್ನ ಬೇರು ನೋಡಿ: ಹಿತ್ತಿಲ ಕಳೆಗೆ ಹತೋಟಿ

ಅರಸೀಕೆರೆಯ ಬಯಲಿನ ಹಿತ್ತಿಲನ್ನು ಕಾಡುವ ಕಳೆಯೇ ಸಕಲೇಶಪುರ, ಮೂಡಿಗೆರೆಯ ಹಿತ್ತಿಲನ್ನೂ ಕಾಡುತ್ತದೆಂದು ಹೇಳಲಾಗದು. ಬಯಲಿನಲ್ಲಿ ಪಾರ್ಥೇನಿಯಂ ಮುಂದಾದರೆ, ಮಲೆನಾಡಿನಲ್ಲಿ ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಬೇಲಿ ದಾಟಿ ಒಳಬರುತ್ತವೆ. ಈ ಮೂರೂ ಅಮೆರಿಕ ಖಂಡದಿಂದ ಬಂದವು. ಬೀಜದಿಂದ ಹರಡುವ ಗಿಡ, ಬುಡದಿಂದ ಮರಳಿ ಚಿಗುರುವ ಪೊದೆ, ಗಡ್ಡೆಯಿಂದ ಹಬ್ಬುವ ಹುಲ್ಲು, ಇವೆಲ್ಲವನ್ನೂ ಒಂದೇ ರೀತಿಯಲ್ಲಿ ಕೆತ್ತಿ ಹಾಕುವುದರಿಂದಲೇ ಮುಂದಿನ ಮಳೆಗೆ ಕಳೆ ಇಮ್ಮಡಿಯಾಗುತ್ತದೆ.

ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಎಳೆಯ ಎಲೆಗಳು ನೆಲಕ್ಕಂಟಿ ವೃತ್ತಾಕಾರವಾಗಿ ಹರಡಿರುತ್ತವೆ. ಸೇವಂತಿಗೆಯ ಸಸಿಯೆಂದು ಭ್ರಮಿಸಿ ನೀರೆರೆಯುವವರೂ ಉಂಟು. ಮೊಳೆತ ಒಂದು ತಿಂಗಳಿನ ಆಸುಪಾಸಿನಲ್ಲಿಯೇ ಹೂಬಿಡುವ ಈ ಗಿಡವೊಂದು 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದಾದ್ದರಿಂದ, ಮಳೆ ಬಂದು ಮಣ್ಣು ಮೆತ್ತಗಿರುವಾಗ, ಬಿಳಿ ಹೂ ಕಾಣುವ ಮೊದಲೇ ಬೇರುಸಹಿತ ಕೀಳಬೇಕು. ಇದರಿಂದ ಚರ್ಮದ ತುರಿಕೆ, ಉಬ್ಬಸ ಬರುವುದುಂಟು. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೊಂದು ಬಟ್ಟೆ ಇರಲಿ. ಹೂ ಬಾರದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ಹೂ ಬಂದದ್ದನ್ನು ಹಾಕಬಾರದು. ಉಪ್ಪುನೀರು ಸಿಂಪಡಿಸುವ ಸಲಹೆ ರಸ್ತೆಬದಿಗೆ ಹೊಂದೀತು, ಸೊಪ್ಪು ಬೆಳೆಯುವ ಮಡಿಗೆ ಖಂಡಿತ ಸಲ್ಲದು. ಖಾಲಿ ಅಂಚಿನಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ದಟ್ಟವಾಗಿ ಬೆಳೆದು ಪಾರ್ಥೇನಿಯಂ ಅನ್ನು ಅಡಗಿಸುತ್ತದೆ.

ಲಂಟಾನವನ್ನು ಚೌಕಾಕಾರದ ಕಾಂಡ ಮತ್ತು ಎಲೆ ತಿಕ್ಕಿದಾಗಿನ ಘಾಟಿನಿಂದ ಗುರುತಿಸಬಹುದು. ಕುಡುಗೋಲಿನಿಂದ ಮೇಲೆ ಸವರಿದರೆ ಬುಡವು ಇನ್ನಷ್ಟು ಕವಲೊಡೆಯುತ್ತದೆ. ಬುಡದ ಮಣ್ಣು ಬಿಡಿಸಿ, ನೆಲಮಟ್ಟಕ್ಕಿಂತ ಎರಡು ಇಂಚು ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಬೇರು ಮೇಲಾಗುವಂತೆ ಬೋರಲು ಹಾಕಿ ಒಣಗಿಸಬೇಕು. ಕಮ್ಯುನಿಸ್ಟ್ ಗಿಡದ ಎಲೆಯ ಬುಡದಲ್ಲಿ ತ್ರಿಶೂಲದಂತೆ ಮೂರು ನರಗಳಿರುತ್ತವೆ. ಅದರ ಬೇರು ಆಳಕ್ಕಿಳಿಯುವುದಿಲ್ಲ. ಚಳಿಗಾಲದಲ್ಲಿ ಹೂಬಿಟ್ಟು ಬೀಜ ಗಾಳಿಗೆ ಹಾರುವ ಮೊದಲು, ನೆಲ ಹಸಿಯಿರುವಾಗಲೇ ಕಿತ್ತರೆ ಸಾಕು.

ನಿಜವಾದ ತಲೆನೋವು ಗಡ್ಡೆಯಿಂದ ಹಬ್ಬುವ ಹುಲ್ಲಾದ ಜೇಕಿನದು. ಹೊರನಾಡಿನ ಕಳೆಗಳ ಸಾಲಿಗೆ ಸೇರದಿದ್ದರೂ ಹಬ್ಬುವುದರಲ್ಲಿ ಇದು ಯಾವುದಕ್ಕೂ ಕಡಿಮೆಯಲ್ಲ. ಹೂದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣು ತಗಲುತ್ತವೆ. ಎಲೆ ಹಿಡಿದು ಎಳೆದರೆ ಮೇಲಿನದಷ್ಟೇ ಕಿತ್ತುಬರುತ್ತದೆ, ದಾರದಂಥ ಬೇರಿಗೆ ಪೋಣಿಸಿದ ಗಡ್ಡೆಗಳು ಒಳಗೇ ಉಳಿದು ಹೊಸದಾಗಿ ಚಿಗುರುತ್ತವೆ. ಆದ್ದರಿಂದ ಹಾರೆಯಿಂದ ಗೇಣುದ್ದ ಮಣ್ಣು ಸಡಿಲಿಸಿ, ಆ ದಾರದ ಜಾಡು ಹಿಡಿದು ಒಂದೊಂದೇ ಗಡ್ಡೆಯನ್ನು ಆಯಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ಮಡಿಗೆ ನೀರು ಹಾಯಿಸುವುದನ್ನು ಬಿಟ್ಟು ಮಣ್ಣನ್ನು ಮಗುಚಿ ಹಾಕಿದರೆ, ಮೇಲೆ ಬಂದ ಗಡ್ಡೆಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಉಳಿದವು ಮಳೆಗೆ ಚಿಗುರಿದಾಗ ಎರಡು ವಾರಕ್ಕೊಮ್ಮೆ ಕೀಳುತ್ತಿರಬೇಕು, ಹೊಸ ಗಡ್ಡೆ ಕಟ್ಟಲು ಅವಕಾಶ ಕೊಡಬಾರದು.

ಜೇಕು ಬಹುಪಾಲು ಒಳಬರುವುದು ತಂದ ಮಣ್ಣಿನ ಜೊತೆಗೆ. ನರ್ಸರಿಯಿಂದ ತಂದ ಸಸಿಯನ್ನು ನೆಡುವ ಮುನ್ನ ಅದರ ಮಣ್ಣಿನ ಹೆಂಟೆಯನ್ನು ಬೆರಳಿನಿಂದ ಕೆದಕಿ, ಕಪ್ಪು ಗಡ್ಡೆ ಕಂಡರೆ ಆರಿಸಿ ತೆಗೆಯಿರಿ.