ಕಂಪ್ಯೂಟರ್‌ನಲ್ಲಿ ಕಿಲ್ಲಾರಿ ಬೀಳಲೇ ಇಲ್ಲ

ಭೂಕಂಪದ ಹಾನಿ ಲೆಕ್ಕ ಹಾಕುವ ಸಾಫ್ಟ್‌ವೇರನ್ನು ಮೊದಲ ಸಲ ಓಡಿಸಿದಾಗ ಬಂದ ಎರರ್ ಓದಿ ನಗು ಬಂತು. ಭೂಮಿ ಬಿರಿದ ಜಾಗ ಮನೆಗಳಿಂದ ತುಂಬಾ ದೂರ ಇದೆಯಂತೆ. ನಾನು ಕೊಟ್ಟಿದ್ದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ 1993ರ ಕಿಲ್ಲಾರಿ ಭೂಕಂಪ. ಮನೆಗಳೂ ಕಿಲ್ಲಾರಿಯವೇ. ದೂರ ಎಲ್ಲಿಂದ ಬಂತು?

ನಾನು ಕಲಬುರಗಿ ಕಡೆಯ ಸಿವಿಲ್ ಎಂಜಿನಿಯರ್. ಕಿಲ್ಲಾರಿಯಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ತೆಂಕಣಕ್ಕೆ ನಮ್ಮ ಆಳಂದ ಇದೆ. ಅಲ್ಲಿನ ಹಳೆ ಮನೆಗಳ ಕೆಳಗೆ ಅಂಥದ್ದೇ ಭೂಕಂಪ ಆದರೆ ಎಷ್ಟು ಮನೆ ಉಳಿದಾವು ಅಂತ ಲೆಕ್ಕ ಹಾಕುವ ಆಸೆ ಬಹಳ ದಿನದಿಂದ ಇತ್ತು. ಹಿಡಿದುಕೊಂಡ ಸಾಫ್ಟ್‌ವೇರ್ ಓಪನ್‌ಕ್ವೇಕ್. ಇಟಲಿಯ ಪಾವಿಯಾದಲ್ಲಿರುವ ಜೆಮ್ ಫೌಂಡೇಶನ್‌ನವರದ್ದು, ಪುಕ್ಕಟೆ ಸಿಗುತ್ತದೆ. ಅದಕ್ಕೆ ಹೇಳಬೇಕಾದ್ದು ಮುಖ್ಯವಾಗಿ ಮೂರು ಸಂಗತಿ. ಭೂಮಿ ಎಲ್ಲಿ ಬಿರಿಯಿತು, ಎಲ್ಲೆಲ್ಲಿ ಎಂಥ ಮನೆ ಎಷ್ಟಿವೆ, ಆ ಥರದ ಮನೆ ಎಷ್ಟು ಅಲುಗಾಡಿದರೆ ಬೀಳುತ್ತದೆ. ಆಳಂದಕ್ಕೆ ಕೈ ಹಾಕುವ ಮುಂಚೆ, ಉತ್ತರ ಗೊತ್ತಿರುವ ಲೆಕ್ಕ ಒಂದನ್ನು ಮಾಡಿ ನೋಡೋಣ ಅಂತ ಕಿಲ್ಲಾರಿ ತಗೊಂಡೆ.

ಎರರ್ ಬಂದಾಗ ನಾನು ಮಾಡಿದ್ದು ಪೆದ್ದ ಕೆಲಸ. ಎಷ್ಟು ದೂರದವರೆಗೆ ಲೆಕ್ಕ ಹಾಕಬೇಕು ಅನ್ನೋ ಮಿತಿ 200 ಕಿಲೋಮೀಟರ್ ಇತ್ತು. ಅದನ್ನು 500 ಮಾಡಿದೆ. ಅದೇ ಎರರ್. 1000 ಮಾಡಿದೆ. ಮತ್ತೆ ಅದೇ. ಸಿಟ್ಟು ಬಂದು ಮನೆಗಳ ಫೈಲನ್ನು ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ನಕ್ಷೆಯ ಮೇಲೆ ಹಾಕಿದೆ. ನಮ್ಮ ಕಿಲ್ಲಾರಿ ಉತ್ತರ ಧ್ರುವದ ಹತ್ತಿರ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ತೇಲುತ್ತಿತ್ತು! ಕಿಲ್ಲಾರಿಯ ಅಕ್ಷಾಂಶ ಸುಮಾರು 18.1, ರೇಖಾಂಶ 76.6. ನಮಗೆ ಅಕ್ಷಾಂಶ ಮೊದಲು ಹೇಳಿ ರೂಢಿ. ಎಕ್ಸೆಲ್‌ನಿಂದ ಅಂಟಿಸುವಾಗ ಅದೇ ರೂಢಿಯಲ್ಲಿ, ರೇಖಾಂಶದ ಕಾಲಂನಲ್ಲಿ ಅಕ್ಷಾಂಶ ಕೂರಿಸಿದ್ದೆ. ಏಳು ಸಾವಿರ ಕಿಲೋಮೀಟರ್ ತಪ್ಪು. ಸಾಫ್ಟ್‌ವೇರ್ ಹೇಳಿದ್ದು ಸರಿಯಾಗೇ ಇತ್ತು, ನಾನು ಅದರ ಬಾಯಿ ಮುಚ್ಚಿಸಲು ಹೊರಟಿದ್ದೆ.

ಆಮೇಲಿನದ್ದು ಸಣ್ಣ ತೊಂದರೆ, ಆದರೆ ಅರ್ಧ ದಿನ ತಿಂದಿತು. ಮಣ್ಣಿನ ಗಾರೆಯ ಕಾಡುಕಲ್ಲಿನ ಗೋಡೆಗೆ ನಾನು ಕೊಟ್ಟ ಕೋಡ್, ಮನೆ ಬೀಳುವ ಲೆಕ್ಕದ ಫೈಲಿನಲ್ಲಿ ಇಲ್ಲ ಅಂತ ಹಟ ಹಿಡಿಯಿತು. ಕಣ್ಣಿಗೆ ಎರಡೂ ಫೈಲಿನಲ್ಲಿ ಒಂದೇ ಕೋಡ್. ಕೊನೆಗೆ ಪೈಥಾನ್‌ನಲ್ಲಿ ಅಕ್ಷರ ಎಣಿಸಿದೆ. ಒಂದು ಕಡೆ 13, ಇನ್ನೊಂದು ಕಡೆ 14. ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿತ್ತು.

ಎರರ್ ಎಲ್ಲಾ ಹೋಯಿತು. ನಕ್ಷೆ ಬಂತು, ಕೋಷ್ಟಕ ಬಂತು. ನಿಜವಾದ ಕಷ್ಟ ಶುರುವಾಗಿದ್ದು ಅಲ್ಲಿಂದ. ಯಾಕಂದ್ರೆ ಕಂಪ್ಯೂಟರಿನ ಕಿಲ್ಲಾರಿಯಲ್ಲಿ ಹೆಚ್ಚುಕಮ್ಮಿ ಒಂದು ಮನೆಯೂ ಬಿದ್ದಿರಲಿಲ್ಲ.

ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ? ಎಲ್ಲಾ ಅನಿಶ್ಚಿತತೆ ತೆಗೆದುಹಾಕಿದೆ. ಅಲುಗಾಟ ಎಷ್ಟು ಆಚೀಚೆ ಆಗಬಹುದು ಅನ್ನೋ ಮಿತಿ, ಅಂದರೆ ಟ್ರಂಕೇಶನ್ ಲೆವೆಲ್, ಸೊನ್ನೆ ಮಾಡಿದರೆ ಭೂಮಿಯ ಅಲುಗಾಟದ ಮಧ್ಯದ ಬೆಲೆ ಮಾತ್ರ ಬರುತ್ತದೆ, ಪ್ರತಿ ಸಲ ಒಂದೇ ಉತ್ತರ. ಒಂದು ಊರು, ಒಂದೇ ಥರದ ಮನೆ ಇಟ್ಟುಕೊಂಡು ಕ್ಯಾಲ್ಕುಲೇಟರ್‌ನಲ್ಲಿ ಕೈಯಾರೆ ಲೆಕ್ಕ ಹಾಕಿದೆ. ಅಲುಗಾಟಕ್ಕೆ ರಘುಕಾಂತ್ ಮತ್ತು ಅಯ್ಯಂಗಾರ್ 2007ರಲ್ಲಿ ಭಾರತದ ಪರ್ಯಾಯ ದ್ವೀಪ ಭಾಗಕ್ಕೆಂದೇ ಪ್ರಕಟಿಸಿದ ಸಮೀಕರಣ ಹಾಕಿದ್ದೆ. ಅದು ಕೈಲೆಕ್ಕಕ್ಕೆ ಹೊಂದಿತು. ಮನೆ ಬೀಳುವ ಲೆಕ್ಕ ಹೊಂದಲಿಲ್ಲ. ಎಷ್ಟು ಅಲುಗಾಡಿದರೆ ಎಷ್ಟು ಮನೆ ಬೀಳುತ್ತವೆ ಅಂತ ಹೇಳುವ, ನಾನು ಎತ್ತಿಕೊಂಡಿದ್ದ ಕರ್ವ್ ಮೀಟರ್ ಪರ್ ಸೆಕೆಂಡ್ ಸ್ಕ್ವೇರ್‌ನಲ್ಲಿತ್ತು, ಸಾಫ್ಟ್‌ವೇರ್ ಕೇಳುವುದು ಗುರುತ್ವದ, ಅಂದರೆ 9.81ರ, ಪಾಲಿನಲ್ಲಿ. 0.2 ಇರಬೇಕಾದಲ್ಲಿ 1.96 ಕೊಟ್ಟಿದ್ದೆ. ಅಂದರೆ ನನ್ನ ಮಣ್ಣಿನ ಮನೆಗಳು ಅಣೆಕಟ್ಟಿಗಿಂತ ಗಟ್ಟಿ. 9.81ರಿಂದ ಭಾಗಿಸಿದೆ.

ಈಗ ಮನೆ ಬಿದ್ದವು, ಆದರೆ ನೂರಕ್ಕೆ ಹತ್ತೂ ಪೂರ್ತಿ ನೆಲಸಮ ಆಗಲಿಲ್ಲ. ಅಂಕಿ ನೋಡೋಕೆ ಏನೂ ಕೆಟ್ಟದಾಗಿರಲಿಲ್ಲ. ಬೇರೆ ಯಾವುದೋ ದೇಶದ ಲೆಕ್ಕ ಆಗಿದ್ದರೆ ಹಾಗೇ ವರದಿಗೆ ಹಾಕುತ್ತಿದ್ದೆನೇನೋ. ಆದರೆ ಇದು ಕಿಲ್ಲಾರಿ. ಸೆಪ್ಟೆಂಬರ್ 30, ಗಣಪತಿ ಕಳಿಸಿ ಬಂದು ಮಲಗಿದ ಜನ, ಬೆಳಗಿನ ಜಾವ 3:56. ಮ್ಯಾಗ್ನಿಟ್ಯೂಡ್ 6.2 ಅಷ್ಟೇ, ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಆ ರಾತ್ರಿ ಕಲಬುರಗಿಯಲ್ಲಿ ಎಲ್ಲರೂ ಓಣಿಗೆ ಓಡಿ ಬಂದದ್ದನ್ನು ನಮ್ಮಪ್ಪ ಇವತ್ತಿಗೂ ಹೇಳ್ತಾರೆ.

ವಾರ ಹುಡುಕಿದ ಮೇಲೆ ಸಿಕ್ಕಿದ್ದು ಇದು. ಮನೆಗಳ ಫೈಲನ್ನು 2011ರ ಜನಗಣತಿಯ ಕೋಷ್ಟಕದಿಂದ ಕಟ್ಟಿದ್ದೆ. 1993ಕ್ಕೆ 2011ರ ಅಂಕಿ ಹಾಕೋದು ಹೇಗೂ ಅಂದಾಜಿನ ಕೆಲಸ, ಅದಿರಲಿ. ಆ ಕೋಷ್ಟಕದಲ್ಲಿ ಚಾವಣಿಗೆ ಒಂದು ಕಾಲಂ ಇದೆ: ಹುಲ್ಲು, ಗರಿ, ಬಿದಿರು, ಕಟ್ಟಿಗೆ, ಮಣ್ಣು ಇತ್ಯಾದಿ. ಎಲ್ಲಾ ಒಂದೇ ಕಾಲಂ! ಹುಲ್ಲಿನ ಗುಡಿಸಲೂ ಅಲ್ಲೇ, ಚಪ್ಪಟೆ ಚಾವಣಿಯ ಮೇಲೆ ದಪ್ಪ ಮಣ್ಣು ಹೇರಿದ ನಮ್ಮ ಕಡೆಯ ಮಾಳಿಗೆ ಮನೆಯೂ ಅಲ್ಲೇ. ಹುಲ್ಲು ಮೈಮೇಲೆ ಬಿದ್ದರೆ ಎದ್ದು ಬರಬಹುದು. ಮಾಳಿಗೆ ಬಿದ್ದರೆ? ನಾನು ಆ ಇಡೀ ಕಾಲಮ್ಮನ್ನು ಹಗುರ ಚಾವಣಿ ಅಂತ ಹಾಕಿಬಿಟ್ಟಿದ್ದೆ. ಮಾಳಿಗೆ ಮನೆಯಲ್ಲೇ ಹುಟ್ಟಿದವನು ನಾನು!

ಕಲ್ಲುಗೋಡೆ ಇದ್ದ ಕಡೆ ಆ ಕಾಲಮ್ಮನ್ನು ಭಾರದ ಮಾಳಿಗೆಗೆ ಸರಿಸಿದೆ, ಬೀಳುವ ಕರ್ವ್ ಬದಲಾಯಿಸಿದೆ. ಜನರ ಲೆಕ್ಕ ಹಗಲಿನದ್ದು ಇತ್ತು, ಅದನ್ನೂ ರಾತ್ರಿಯದ್ದು ಮಾಡಿದೆ. ಆಗ ಕಿಲ್ಲಾರಿ ನಕ್ಷೆಯಲ್ಲಿ ಕೆಂಪಾಯಿತು. ಸರಿ ಬಂತು ಅಂತ ಖುಷಿ ಪಡುವ ಹಾಗೂ ಇರಲಿಲ್ಲ. ಎದ್ದು ಹೋಗಿ ಚಹಾ ಕುಡಿದು ಬಂದೆ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಮಾಳಿಗೆಯ ಭಾರ ಎಷ್ಟು ಹಿಡಿಯೋದು? ಪುಸ್ತಕದ ಅಂಕಿ ನಂಬೋಕೆ ಮನಸ್ಸಾಗಲಿಲ್ಲ. ಒಂದು ಭಾನುವಾರ ಟೇಪು ಹಿಡಿದು ಆಳಂದ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ. ಮಾಳಿಗೆ ಹತ್ತಿ ಬೆಳಕಿಂಡಿಯ ಅಂಚಿನಲ್ಲಿ ಅಳೆದರೆ ಒಂದೂವರೆ ಅಡಿ ಮಣ್ಣು. ಕೆಳಗೆ ಕೂತಿದ್ದ ಅಜ್ಜಿಯನ್ನು ಕೇಳಿದೆ, "ಕಟ್ಟುವಾಗ್ಲೇ ಇಷ್ಟು ಹಾಕಿದ್ರಾ ಆಯಿ?"

"ಸೋರ್ತದಂತ ವರ್ಷಾ ಮ್ಯಾಲ ಹಾಕ್ತೀವಪಾ. ಹಳೇದು ಯಾರ್ ತೆಗಿತಾರ?"

ಮನೆಗೆ ಬಂದು ಫೈಲಿಗೆ ಇನ್ನೊಂದು ಕಾಲಂ ಸೇರಿಸಿದೆ: ಮನೆಯ ವಯಸ್ಸು.