ಉಸಿರು ಕಟ್ಟುವುದನ್ನು ನಾನು ಕಲಿತ ಬಗೆ

ಉಸಿರು ಕಟ್ಟಿ ಮುಳುಗುವುದನ್ನು ನಾನು ಕಲಿಯಲು ಶುರು ಮಾಡಿದ್ದು ನೀರಿನಲ್ಲಲ್ಲ, ಚಾಪೆಯ ಮೇಲೆ. ಅಂಗಾತ ಮಲಗಿ, ಎರಡು ನಿಮಿಷ ಎಂದಿನಂತೆ ಉಸಿರಾಡಿ, ಕೊನೆಗೊಂದು ತುಂಬು ಉಸಿರು ಎಳೆದು ಹಿಡಿಯುತ್ತಿದ್ದೆ. ಮೊದಮೊದಲು ಹಾಯಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಉಗುಳು ನುಂಗಬೇಕು ಅನ್ನಿಸುತ್ತದೆ. ಆಮೇಲೆ ಪಕ್ಕೆಲುಬಿನ ಕೆಳಗೆ ಹೊಟ್ಟೆ ತಾನಾಗಿ ಜಗ್ಗತೊಡಗುತ್ತದೆ, ಸದ್ದಿಲ್ಲದ ಬಿಕ್ಕಳಿಕೆಯ ಹಾಗೆ. ಅದು ವಪೆ, ಉಸಿರೆಳೆಯುವ ಸ್ನಾಯು. ನಾವು ಬೇಡವೆಂದರೂ ಅದು ತನ್ನ ಕೆಲಸಕ್ಕೆ ಹೊರಡುತ್ತದೆ.

ಆಗ ಆಕ್ಸಿಜನ್ ಮುಗಿದೇ ಹೋಯಿತು ಅನ್ನಿಸುತ್ತದೆ, ಅಲ್ವಾ? ನಿಜವಾಗಿ ಆಗಿರುವುದೇ ಬೇರೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದೆ, ಮೆದುಳು ಮುಖ್ಯವಾಗಿ ಅದನ್ನು ನೋಡಿ ಕೂಗುತ್ತಿದೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ನೋಡಿದ್ದೇನೆ. ಹೊಟ್ಟೆ ಜಗ್ಗಲು ಶುರುವಾದಾಗಲೂ ಅಂಕಿ ಹೆಚ್ಚು ಇಳಿದಿರುವುದಿಲ್ಲ. (ಬೆರಳಿನ ಅಂಕಿ ತುಸು ತಡವಾಗಿ ಬದಲಾಗುತ್ತದೆ, ಅದು ನೆನಪಿರಲಿ.) ಇದು ತಿಳಿದ ಮೇಲೆ ಗಾಬರಿ ಕಡಿಮೆಯಾಯಿತು. ಭುಜ, ದವಡೆ ಸಡಿಲ ಬಿಟ್ಟು ಆ ಜಗ್ಗಾಟವನ್ನು ಬಂದ ಹಾಗೆ ಬರಲು ಬಿಟ್ಟೆ. ಅವಧಿ ತಾನಾಗಿ ಬೆಳೆಯಿತು.

ನಡೆಯುತ್ತಾ ಉಸಿರು ಹಿಡಿದರೆ ಎಲ್ಲವೂ ಬೇಗ. ದುಡಿಯುವ ಸ್ನಾಯು ಆಕ್ಸಿಜನ್ ಜಾಸ್ತಿ ಬಳಸುತ್ತದೆ, ಕಾರ್ಬನ್ ಡೈಆಕ್ಸೈಡನ್ನೂ ಜಾಸ್ತಿ ಮಾಡುತ್ತದೆ. ಅದಕ್ಕೇ ನೀರಿನಲ್ಲಿ ಅವಸರದ ಕಾಲುಬಡಿತ ದುಬಾರಿ. ಭಾರ ಎತ್ತುವಾಗ ದಮ್ಮು ಕಟ್ಟುವುದು ಬೇರೆಯೇ ವಿಷಯ. ಅದರಿಂದ ಬಿಪಿ ಒಮ್ಮೆಲೇ ಏರುತ್ತದೆ. ಬಿಪಿ, ಹೃದಯದ ತೊಂದರೆ ಇರುವವರಿಗೆ ಅದು ಬೇಡ.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ತಣ್ಣೀರು. ಉಸಿರು ಹಿಡಿದು ಬೋಗುಣಿಯ ತಣ್ಣೀರಿನಲ್ಲಿ ಮುಖ ಅದ್ದಿ, ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಬಡಿತಗಳ ನಡುವಿನ ಬಿಡುವು ಉದ್ದವಾಗುತ್ತಾ ಹೋಗುತ್ತದೆ. ಮುಖದ ನರಗಳಿಗೆ ತಂಪು ತಾಕಿದೊಡನೆ ಹೃದಯ ನಿಧಾನವಾಗುತ್ತದೆ, ಕೈಕಾಲಿನ ರಕ್ತನಾಳಗಳು ಕಿರಿದಾಗುತ್ತವೆ, ರಕ್ತ ಹೃದಯ ಮತ್ತು ಮೆದುಳಿನ ಕಡೆಗೆ ಉಳಿಯುತ್ತದೆ. ಹೊಟ್ಟೆಯ ಎಡಬದಿಯಲ್ಲಿರುವ ಗುಲ್ಮವೂ (ಸ್ಪ್ಲೀನ್) ಕುಗ್ಗಿ, ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ಸಮುದ್ರದಲ್ಲಿ ಮುಳುಗಿ ಮೀನು ಹಿಡಿದು ಬದುಕುವ ಇಂಡೋನೇಷ್ಯಾದ ಬಜಾವು ಜನರ ಗುಲ್ಮ, ನೆರೆಯ ಸಲುವಾನ್ ಜನರದ್ದಕ್ಕಿಂತ ಸುಮಾರು 50% ದೊಡ್ಡದು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ನಾನು ಎಂದೂ ಮಾಡದ ಕೆಲಸ ಒಂದಿದೆ: ಮುಳುಗುವ ಮುಂಚೆ ಜೋರುಜೋರಾಗಿ ಉಸಿರಾಡುವುದು. ರಕ್ತದಲ್ಲಿ ಆಕ್ಸಿಜನ್ ಆಗಲೇ ಹೆಚ್ಚುಕಡಿಮೆ ತುಂಬಿರುತ್ತದೆ, ಅದೇನೂ ದೊಡ್ಡದಾಗಿ ಹೆಚ್ಚುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಮಾತ್ರ ಹೊರಗೆ ಹೋಗುತ್ತದೆ. ಅಂದರೆ ಎಚ್ಚರಿಸುವ ಗಂಟೆಯನ್ನೇ ಕಿತ್ತಿಟ್ಟಂತೆ. ಹಪಹಪಿ ಬರುವ ಮೊದಲೇ ಪ್ರಜ್ಞೆ ತಪ್ಪಬಹುದು, ಎದೆಮಟ್ಟದ ಕೊಳದಲ್ಲೂ.

ಆಳಕ್ಕೆ ಹೋದವರಿಗೆ ಅಪಾಯ ಮೇಲೆ ಬರುವಾಗ ಜಾಸ್ತಿ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಶ್ವಾಸಕೋಶದ ಗಾಳಿ ಅರ್ಧದಷ್ಟು ಜಾಗಕ್ಕೆ ಕುಗ್ಗಿರುತ್ತದೆ. ಆ ಒತ್ತಡವೇ ಆಕ್ಸಿಜನ್ನನ್ನು ರಕ್ತಕ್ಕೆ ತಳ್ಳುತ್ತಿರುತ್ತದೆ. ಮೇಲೇರಿದಂತೆ ಆ ಆಸರೆ ಕಳಚುತ್ತದೆ. ಹಾಗಾಗಿ ಕೊನೆಯ ಕೆಲವು ಮೀಟರುಗಳಿಗೆ ಜೊತೆಗಾರ ಕೆಳಗಿಳಿದು ನನ್ನ ಎದುರಿಗೇ ಬರುತ್ತಾನೆ. ತಲೆ ಹೊರಬಂದೊಡನೆ ಗಾಳಿಯನ್ನೆಲ್ಲ ಹೊರಗೆ ಊದುವುದಿಲ್ಲ. ಸ್ವಲ್ಪವೇ ಬಿಟ್ಟು, ಚುರುಕಾಗಿ ಎಳೆದು, ಒಂದೆರಡು ಕ್ಷಣ ಹಿಡಿದು, ಮತ್ತೆ ಎಳೆಯುತ್ತೇನೆ. ಉಸಿರಾಟ ಸಿಕ್ಕ ಮೇಲೂ 30 ಸೆಕೆಂಡ್ ಅವನ ಕಣ್ಣು ನನ್ನ ತುಟಿಯ ಬಣ್ಣದ ಮೇಲಿರಬೇಕು. ಅವನು ಬಾರದ ದಿನ ನಾನು ನೀರಿಗೆ ಇಳಿಯುವುದಿಲ್ಲ.